ಕೂಸಿಲ್ಲದ ಬಾಣಂತಿಯ ಅಂಟಿನುಂಡಿ

ಈ ದಿನ ಬೆಳಿಗ್ಗೆ ಬಿಸಿ ತುಪ್ಪಕ್ಕೆ ತಿನ್ನುವ ಅಂಟಿನ ಹರಳು ಹಾಕಿದೆ. ಅದು ಅರಳಿದ ವಾಸನೆಗೆ ಕಾಚಿಗೂಡದ ನಮ್ಮ ಹಳೆಯ ಅಡುಗೆಮನೆ ಕಣ್ಣ ಮುಂದೆ ಬಂತು.

ಅವ್ವನ ಬಾಣಂತನಕ್ಕೆಂದು ಅಜ್ಜಿ ಬೇಗಂ ಬಜಾರಿನಿಂದ ಅಂಟು, ಉತ್ತತ್ತಿ, ಒಣಕೊಬ್ಬರಿ ಮೊದಲೇ ತರಿಸಿಟ್ಟಿದ್ದಳು. ಕೂಸು ಉಳಿಯಲಿಲ್ಲ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದಳು, ಊಟ ಬಿಟ್ಟಳು. ಅಜ್ಜಿ ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟಿದಳು.

ಬಾಗಿಲಲ್ಲಿ ನಿಂತ ನೆರೆಮನೆಯ ಕಾಕು, "ಕೂಸೇ ಇಲ್ಲ, ಇನ್ನ ಇದ್ಯಾತಕ್ಕರಿ?" ಎಂದಳು.

"ಕೂಸು ಹೋತು. ಹಡದಾಕಿ ಇನ್ನೂ ಅದಾಳಲ್ಲ. ಆಕಿ ನಡಕ್ಕ ಬಲ ಬ್ಯಾಡೇನು?" ಎಂದ ಅಜ್ಜಿ ಉಂಡಿ ಮುರಿದು ಅವ್ವನ ಬಾಯಿಗಿಟ್ಟಳು. ಅವ್ವ ಅಳಲಿಲ್ಲ, ಅಗಿದಳು. ಆ ಉಂಡಿಯ ಡಬ್ಬಿಯನ್ನು ಮಕ್ಕಳು ಯಾರೂ ಮುಟ್ಟಲಿಲ್ಲ.

ಅಂಟು ಸೊಂಟಕ್ಕೆ, ಉತ್ತತ್ತಿ ರಕ್ತಕ್ಕೆ ಒಳ್ಳೆಯದೆಂದು ಈಗ ಅಂಗಡಿಯ ಪ್ಯಾಕೆಟ್ಟಿನ ಮೇಲೂ ಬರೆದಿರುತ್ತಾರೆ. ನಮ್ಮ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಿನ್ನೆ ನನ್ನ ಸೊಸೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಳು. ಈ ದಿನ ನಾನು ಉಂಡಿ ಕಟ್ಟುತ್ತಿದ್ದಾಗ ಹತ್ತಿರ ಬಂದು, "ಸೋಮವಾರ ಉಪ್ಪಲ್ ಆಫೀಸಿಗೆ ಹೋಗ್ತೀನ್ರಿ ಅತ್ಯಾರ. ಮನ್ಯಾಗ ಕುಂತು ಏನ ಮಾಡ್ಲಿ?" ಎಂದಳು.

"ಬಾಣಂತನ ಮುಗೀಲಿ, ಆಮ್ಯಾಲ ಹೋಗು," ಎಂದು ಉಂಡಿ ಮುರಿದೆ.

ಅವಳು ಬಾಯಿ ತೆರೆದಳು.