ಪಕ್ಕದ ಮನೆಯ ತಾಟು

ಇವತ್ತು ಬೆಳಿಗ್ಗೆ ಅವಲಕ್ಕಿ ತಿಂದು ತಾಟು ತೊಳೆಯುವಾಗ ಅಂಚಿನಲ್ಲಿ ಕೊರೆದ ಹೆಸರು ಬೆರಳಿಗೆ ತಗುಲಿತು: ‘ಚಿ. ಪ್ರಶಾಂತ’. ಪಕ್ಕದಲ್ಲೊಂದು ಪುಟ್ಟ ಹೂವು. ನಾನು ಪ್ರಶಾಂತನಲ್ಲ ಎಂಬುದನ್ನು, ನನ್ನ ಜೊತೆ ಸ್ವಲ್ಪ ಹೊತ್ತು ಮಾತಾಡಿದ ಯಾರು ಬೇಕಾದರೂ ಪ್ರಮಾಣ ಮಾಡಿ ಹೇಳಿಯಾರು.

ನಿಮ್ಮ ಅಡುಗೆಮನೆಯಲ್ಲೂ ಇಂಥದೊಂದು ಪರರ ತಾಟೋ ಡಬ್ಬಿಯೋ ಇದ್ದೇ ಇರುತ್ತದೆ, ಇಲ್ಲವೆನ್ನಬೇಡಿ. ನಮ್ಮ ಕಡೆ ಸ್ಟೀಲಿನ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಂಡು ಬರುವುದು ವಾಡಿಕೆ. ಮನುಷ್ಯರಿಗೆ ಆಧಾರ್ ಬರುವ ಎಷ್ಟೋ ಮೊದಲೇ ನಮ್ಮ ಲೋಟಗಳಿಗೆ ಗುರುತಿನ ವ್ಯವಸ್ಥೆಯಾಗಿತ್ತು. ಆದರೂ ಪಾತ್ರೆಗಳು ಕಳೆಯುತ್ತವೆ, ಮನುಷ್ಯರ ಹಾಗೆಯೇ.

ಈ ತಾಟು ನಾಸಿಕದಿಂದ ಸಂಭಾಜಿನಗರದ ನನ್ನ ಬಾಡಿಗೆ ಖೋಲಿಗೆ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಅತ್ತಿಯಿಂದ ಶುರು ಮಾಡಬೇಕು. ಅತ್ತಿ ಎಂದರೆ ಅಪ್ಪನ ಅಕ್ಕ. ಲಗ್ನವಾಗಿ ಕಲಬುರಗಿ ಕಡೆಯಿಂದ ನಾಸಿಕಕ್ಕೆ ಬಂದವರು, ಮಾಮಾ ತೀರಿಕೊಂಡ ಮೇಲೂ ಅಲ್ಲಿನ ಸಾತಪುರದ ಚಾಳಿನ ಒಂದೇ ಖೋಲಿಯಲ್ಲಿ ಉಳಿದವರು. ಕಾರ್ಖಾನೆಯ ಪಾಳಿ ಮುಗಿಸಿದವರು ಅವರ ಬಾಗಿಲಲ್ಲಿ ಬೈಕು ನಿಲ್ಲಿಸಿ ಜೋಳದ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ರೊಟ್ಟಿಯಿಂದ ಬಾಡಿಗೆ ಹುಟ್ಟುತ್ತಿತ್ತು. ರೇಷನ್ನಿನ ಅಕ್ಕಿ ಗೋಧಿಯಿಂದ ಊಟ.

ಆ ರೇಷನ್ ಒಂದು ದಿನ ನಿಂತುಹೋಯಿತು. ಮಗಳ ಬಾಣಂತನಕ್ಕೆಂದು ಅತ್ತಿ ಸಂಭಾಜಿನಗರಕ್ಕೆ ಹೋಗಿ ತಿಂಗಳುಗಟ್ಟಲೆ ಉಳಿದಿದ್ದರು. ಅಷ್ಟು ಕಾಲ ಧಾನ್ಯ ಎತ್ತದ ಕಾರ್ಡನ್ನು ರೇಷನ್ ಕಚೇರಿಯವರು ಬಂದ್ ಮಾಡಿಬಿಟ್ಟಿದ್ದರು. ವಾಪಸಾಗಿ ಚೀಲ ಹಿಡಿದು ಹೋದ ಅತ್ತಿಗೆ ರೇಷನ್ ಅಂಗಡಿಯವನು, ಮತ್ತೆ ಅರ್ಜಿ ಹಾಕಿ ಎಂದು ಕೈ ಮುಗಿದ.

ನಾನಾಗ ಸಂಭಾಜಿನಗರದ ಕಾಲೇಜಿನಲ್ಲಿ ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ರಜೆಗೊಮ್ಮೆ ನಾಸಿಕಕ್ಕೆ ತಂದು ಅವ್ವನ ಕಪಾಟು ತುಂಬಿಸುತ್ತಿದ್ದೆ. ಅವುಗಳ ಧೂಳು ಒರೆಸಿ ಬೇಸತ್ತ ಅವ್ವ, “ಆ ಬಾಯಿ ಒಮ್ಮೆರೆ ಮನೆತನಕ್ಕ ಉಪಯೋಗ ಆಗ್ಲಿ” ಎಂದು ನನ್ನನ್ನು ಅತ್ತಿಯ ಜೊತೆ ಕಚೇರಿಗೆ ಅಟ್ಟಿದಳು.

ಕಚೇರಿಯ ಕಿಟಕಿಯಲ್ಲಿ ನಾನು ವಾದ ಮಂಡಿಸಿದೆ. ಮಗಳ ಬಾಣಂತನ ಮಾಡುವುದು ಅಪರಾಧವೇ? ಊಟ ಬೇರೆ ಕಡೆ ಮಾಡಿದರೆ ಹಸಿವು ರದ್ದಾಗುತ್ತದೆಯೇ? ಹಿಂದೆ ಸಾಲಿನಲ್ಲಿ ನಿಂತವರು ತಲೆದೂಗಿದರು, ಒಬ್ಬರು ಶಾಬ್ಬಾಸ್ ಎಂದರು. ಕಿಟಕಿಯೊಳಗಿನ ಗುಮಾಸ್ತರು ಪೂರ್ತಿ ಕೇಳಿಸಿಕೊಂಡು, ಮರಾಠಿಯಲ್ಲಿ, “ನೀವು ಹೇಳುವುದು ಅಗದಿ ಬರೋಬ್ಬರ್ ಇದೆ. ಅರ್ಜಿ ತುಂಬಿರಿ. ಮನೆ ನೋಡಲು ಸಾಹೇಬರು ಬರುತ್ತಾರೆ” ಎಂದರು. ವಾದದಲ್ಲಿ ಗೆದ್ದೂ ಎಲ್ಲಿದ್ದೆವೋ ಅಲ್ಲೇ ನಿಲ್ಲುವ ಅನುಭವ ನನಗೆ ಅದೇ ಮೊದಲು. ಆಮೇಲೆ ಬಹಳ ಸಲ ಆಗಿದೆ ಬಿಡಿ.

ಅತ್ತಿಗೆ ಇದು ಬರೀ ಅಕ್ಕಿಯ ಮಾತಾಗಿರಲಿಲ್ಲ. ಸುದ್ದಿ ಕೇಳಿದ ಮಗಳು, “ಅಲ್ಯಾಕ ಒಬ್ಬಾಕಿ ಒದ್ದಾಡ್ತಿ, ಖೋಲಿ ಬಿಟ್ಟು ಇಲ್ಲೇ ಬಂದು ಇರು” ಎಂದು ಫೋನಿನ ಮೇಲೆ ಫೋನು ಹಚ್ಚುತ್ತಿದ್ದಳು.

“ಹೋಗ್ರಲ್ಲ ಅತ್ತಿ. ಅಳಿಯ ಒಳ್ಳೆಯವರೇ ಇದ್ದಾರಲ್ಲ” ಎಂದೆ. ಯಾವ ಪಕ್ಷದಿಂದಲಾದರೂ ವಾದಿಸುವ ಚಟ ನನ್ನದು.

“ಛಲೋ ಅದಾನ. ಅದಕ್ಕೇ ಹೋಗಲ್ಲ. ಹೋಗಿ ಕುಂತ್ರ ಅವನೂ ಕೆಡ್ತಾನ, ನಾನೂ ಕೆಡ್ತೀನಿ.” ಹಿಟ್ಟು ನಾದುತ್ತಲೇ ಮುಂದುವರಿಸಿದರು. “ಡಬ್ಬ್ಯಾಗ ನನ್ನ ಅಕ್ಕಿ ಇದ್ರ ಇದು ನನ್ನ ಮನಿ. ಇಲ್ಲಂದ್ರ ಬರೇ ಖೋಲಿ. ಖೋಲಿ ಬಿಡಾಕ ಎಷ್ಟೊತ್ತು?”

ಸಾಹೇಬರು ಬರುವ ದಿನ ನಾನು ಬೆಳಿಗ್ಗೆಯೇ ಹೋದೆ. ನನ್ನ ಯೋಜನೆ ಸರಳ: ಮನೆ ಬಡವಾಗಿ ಕಾಣಬೇಕು. ಮೊದಲ ಅಡ್ಡಿ ಫ್ರಿಜ್ಜು. ಅದು ಕೆಟ್ಟು ಯಾವ ಕಾಲವೋ ಆಗಿತ್ತು. ಇಲಿಗೆ, ಥಂಡಿಗೆ ಸಿಗದಿರಲೆಂದು ಅತ್ತಿ ಅದರೊಳಗೆ ಕಡಕ್ ರೊಟ್ಟಿ ಒಟ್ಟಿಡುತ್ತಿದ್ದರು. ಆದರೆ ಹೊರಗಿನಿಂದ ನೋಡಿದವರಿಗೆ ಫ್ರಿಜ್ಜು ಫ್ರಿಜ್ಜೇ. ಪಕ್ಕದ ಖೋಲಿಯ ಸಂಗೀತಾ ವೈನಿಯ ಯಜಮಾನರನ್ನು ಕರೆದು, ರೊಟ್ಟಿ ಸಮೇತ ಅದನ್ನು ಅವರ ಖೋಲಿಗೆ ಸಾಗಿಸಿದೆ. ಬೆನ್ನಿಗೇ ಟೀವಿ. ಮೂರನೆಯ ಖೇಪಿನಲ್ಲಿ ಗೋಡೆ ಗಡಿಯಾರ ಹಿಡಿದು ಹೊರಟರೆ ಬಾಗಿಲಲ್ಲಿ ಅತ್ತಿ ಎದುರಾದರು, ವೈನಿಯ ಗಾದಿ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ಒಳಗೆ ಬರುತ್ತ! ಹಿಂದೆ ವೈನಿ, ಕೈಯಲ್ಲಿ ಬಂಗಾರದ ಅಂಚಿನ ಕಪ್ಪು–ಬಸಿ, ಕಂಕುಳಲ್ಲಿ ತಾಟುಗಳು. ಒಂದೇ ಬಾಗಿಲಿನಿಂದ ನಾನು ಸಿರಿತನ ಹೊರಗೆ ಹಾಕುತ್ತಿದ್ದೆ, ಅವರು ಒಳಗೆ ತರುತ್ತಿದ್ದರು.

“ಅತ್ತಿ, ಏನು ಮಾಡ್ಲಾಕತ್ತೀರಿ? ಅವರು ಬಡತನ ನೋಡ್ಲಿಕ್ಕೆ ಬರ್ತಿದ್ದಾರೆ!”

“ಮನಿಗಿ ಬಂದವ್ರಿಗಿ ಬಡತನ ಉಣಸ್ತಾರೇನ ಬೇ?”

“ಅವರು ಬೀಗರಲ್ಲ, ಇನ್ಸ್‌ಪೆಕ್ಟರು.”

“ಹೊಸ್ತಿಲ ದಾಟಿ ಒಳಗ ಬರ್ತಾರಿಲ್ಲೋ?”

“ಬರ್ತಾರೆ.”

“ಮತ್ತ ಬೀಗರಿಗೂ ಅವರಿಗೂ ಏನ್ ಫರಕ್? ಸರಿ ಅತ್ಲಾಗ, ಕುರ್ಚಿ ಭಾರ ಅದ.”

ಇಂಥ ಏಟಿಗೆ ಸ್ಪರ್ಧೆಯಲ್ಲಾದರೆ ‘ಸಭಾಧ್ಯಕ್ಷರೇ, ಎದುರಾಳಿ ವಿಷಯಾಂತರ ಮಾಡುತ್ತಿದ್ದಾರೆ’ ಎಂದು ಕೂಗಿ ಉಸಿರಾಡಲು ಸಮಯ ಗಿಟ್ಟಿಸುತ್ತಿದ್ದೆವು. ಚಾಳಿನಲ್ಲಿ ಸಭಾಧ್ಯಕ್ಷರಿರಲಿಲ್ಲ. ಅಧಿಕಾರಿಗೆ ತಿಂಡಿ ಕೊಡುವುದು ಲಂಚದ ಸೋದರಸಂಬಂಧಿ ಎಂದು ಇನ್ನೊಂದು ಬಾಣ ಬಿಟ್ಟೆ. “ಚುರುಮುರಿ ಸುಸಲಾಕ್ಕ ಬಗ್ಗೋ ಸಾಹೇಬನ್ನ ಸರಕಾರ ಇಟ್ಕೋತದೇನು?” ಎಂದು ಅತ್ತಿ ಇಳಕಲ್ ಸೀರೆ ಉಡಲು ಪರದೆಯ ಹಿಂದೆ ಹೋದರು.

ಸಾಹೇಬರು ಬಂದರು. ನಡುವಯಸ್ಸಿನ, ಬಿಸಿಲಿಗೆ ಬೆಂದ ಮನುಷ್ಯ. ಎಷ್ಟು ಚಾಳುಗಳ ಮೆಟ್ಟಿಲು ಹತ್ತಿ ಬಂದಿದ್ದರೋ, ಕುರ್ಚಿ ಕಂಡದ್ದೇ ಕೂತರು. ಅವರ ಮರಾಠಿಯನ್ನು ನನಗೆ ಬರುವ ಕನ್ನಡದಲ್ಲಿ ಹೇಳುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ. ಬೇಡ ಬೇಡವೆನ್ನುತ್ತಲೇ ತಾಟು ಕೈಗೆ ತಗೊಂಡು ಎರಡು ಚಮಚ ಸುಸಲಾ ತಿಂದರು. ನಾನು ಗಂಟಲು ಸರಿಪಡಿಸಿಕೊಂಡು, “ಸರ್, ಇಲ್ಲಿ ಮೂರು ಅಂಶಗಳಿವೆ…” ಎಂದು ಶುರು ಮಾಡಿದೆ.

“ಪ್ರಶಾಂತ ಯಾರು?” ಎಂದರು ಅವರು, ತಾಟಿನ ಅಂಚು ನೋಡುತ್ತ.

ಅತ್ತಿ ಸೆರಗು ಸರಿಮಾಡಿಕೊಂಡರು.

“ಅರ್ಜಿಯಲ್ಲಿ ಮಗಳು ಮಾತ್ರ ಎಂದಿದೆ, ಅವಳ ಲಗ್ನವೂ ಆಗಿದೆ. ಮಗನೊಬ್ಬ ದುಡಿಯುವವನು ಇದ್ದರೆ ಬರೆಯಬೇಕಲ್ಲ, ಮಾವಶಿ?” ಚಹಾದ ಕಪ್ಪು ಎತ್ತಿಟ್ಟು, ಅದರ ಕೆಳಗಿದ್ದ ಇನ್ನೊಂದು ತಾಟಿನ ಅಂಚು ತಿರುಗಿಸಿದರು. “ಇದರ ಮೇಲೆ ಸೌ. ಸಂಗೀತಾ.”

ಈಗ ಕೇಳಿ. ನನ್ನ ಅಲ್ಪ ಜೀವಮಾನದ ಅತ್ಯುತ್ತಮ ವಾದ ಆ ಗಳಿಗೆಯಲ್ಲಿ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು: ಸರ್, ಈ ಮನೆಯಲ್ಲಿ ತಿನ್ನುವ ತಾಟೂ ಎರವಲಿನದು, ಇನ್ನೇನು ಸಾಕ್ಷಿ ಬೇಕು? ಒಂದೇ ವಾಕ್ಯ, ಗೆಲುವು ಖಚಿತ. ಅತ್ತಿಯ ಕಡೆ ನೋಡಿದೆ. ಬೀಗರ ಮುಂದೆ ಹಾಲು ಉಕ್ಕಿಸಿ ಚೆಲ್ಲಿದವರ ಹಾಗೆ ನಿಂತಿದ್ದರು. ವಾಕ್ಯವನ್ನು ನುಂಗಿದೆ. ಗುಳಿಗೆಯ ಹಾಗೆ ಕಹಿಯಾಗಿತ್ತು.

ಬಾಗಿಲ ಹೊರಗಿಂದ ವೈನಿಯ ದನಿ ಬಂತು: “ಸಾಹೇಬ್, ಪ್ರಶಾಂತ ನನ್ನ ಮಗ. ಸಂಗೀತಾ ನಾನೇ.”

ಅತ್ತಿ ತಲೆ ಎತ್ತಿದರು. “ಹೌದ್ರಿ. ತಾಟು ಅವ್ರದು. ಸುಸಲಾ ನಂದು.”

ನಾನು ಹಗುರಾದೆ ಎನ್ನುವಷ್ಟರಲ್ಲಿ ಸಾಹೇಬರ ಕಣ್ಣು ಗೋಡೆಗೆ ಹೋಯಿತು. ಹೊಗೆ ಹಿಡಿದ ಗೋಡೆಯ ಮೇಲೆ ಆಳೆತ್ತರದ ಬೆಳ್ಳನೆಯ ಚೌಕವೊಂದು, ಈಗ ತಾನೇ ಸುಣ್ಣ ಬಳಿದ ಹಾಗೆ ಹೊಳೆಯುತ್ತಿತ್ತು. ಕೆಳಗೆ ನೆಲದಲ್ಲಿ ತುಕ್ಕಿನ ನಾಲ್ಕು ಕಾಲಿನ ಗುರುತು. ಚೌಕದ ಮೇಲ್ಗಡೆ, ಗಡಿಯಾರ ಇದ್ದಲ್ಲಿ, ಅದರ ಮರಿಯಂಥ ಇನ್ನೊಂದು ಬಿಳಿ ಗುಂಡು.

“ಫ್ರಿಜ್ ಎಲ್ಲಿ?”

ಈ ಸಲ ಸೆರಗು ಸರಿಮಾಡಿಕೊಳ್ಳುವ ಸರದಿ ನನ್ನದು. ನಾನು ಹಾಕಿದ್ದು ಜೀನ್ಸು.

ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, “ಇವರು ಏರಿಸಿದ್ದಾರೆ, ನೀನು ಇಳಿಸಿದ್ದೀ. ನಡುವೆ ಎಷ್ಟಿದೆಯೋ ಅಷ್ಟು ಹೇಳಿರಿ, ಬರೆದುಕೊಳ್ಳುತ್ತೇನೆ” ಎಂದರು.

ಹೇಳಿದ್ದು ಅತ್ತಿ. ಒಂದು ಖೋಲಿ. ಕೆಟ್ಟ ಫ್ರಿಜ್ಜು, ಒಳಗೆ ರೊಟ್ಟಿ; ಬೇಕಾದರೆ ತಂದು ತೋರಿಸುತ್ತೇನೆ. ಗಿರಾಕಿ ಬಂದ ದಿನ ದುಡಿಮೆ, ಕಾರ್ಖಾನೆ ಬಂದ್ ಇದ್ದ ದಿನ ಇಲ್ಲ. ಮಗಳು ಕರೀತಾಳೆ, ಹೋಗೋ ಮನಸ್ಸಿಲ್ಲ. ಅದರಲ್ಲಿ ಒಂದು ಉಪಮೆಯಿಲ್ಲ, ಪ್ರಶ್ನೆಯಿಲ್ಲ, ಮೇಜು ಕುಟ್ಟುವುದಿಲ್ಲ. ಸಾಹೇಬರು ಬರೆದುಕೊಂಡು ಎದ್ದರು. ಹೊಸ್ತಿಲಲ್ಲಿ ನನ್ನ ಕಡೆ ತಿರುಗಿ, “ಆ ಮೂರು ಅಂಶ ಯಾವವು?” ಎಂದರು. ನನಗೆ ಒಂದೂ ನೆನಪಾಗಲಿಲ್ಲ.

ಕಾರ್ಡು ಮತ್ತೆ ಚಾಲೂ ಆಗಲು ಇನ್ನೂ ಕೆಲವು ಸಲ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು, ಆದರೆ ಆಯಿತು. ಅಕ್ಕಿ ತಂದ ದಿನ ಅತ್ತಿ ಅದನ್ನು ಡಬ್ಬಿಗೆ ಸುರಿದು, ಮುಚ್ಚಳ ಹಾಕುವ ಮೊದಲೇ ಮಗಳಿಗೆ ಫೋನು ಹಚ್ಚಿದರು: “ನೀವೇ ಬರ್ರಿ ಈ ಸಲ, ಕೂಸಿನ್ನ ಕರ್ಕೊಂಡು. ನಮ್ಮ ಮನಿಗಿ.”

ಇನ್ನು ತಾಟು. ಅದನ್ನು ವಾಪಸ್ ಕೊಡಲು ಹೋದಾಗ ವೈನಿ, “ಖಾಲಿ ತಾಟು ಹೊಸ್ತಿಲು ದಾಟಬಾರದು, ಏನಾದರೂ ಮಾಡಿ ಹಾಕಿ ಕೊಡು” ಎಂದರು. ರಜೆ ಮುಗಿದು ತಾಟು ನನ್ನ ಚೀಲದಲ್ಲೇ ಇಲ್ಲಿಗೆ ಬಂತು; ಏನು ಮಾಡಿ ಹಾಕುವುದೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಇಷ್ಟೆಲ್ಲ ಇವತ್ತೇ ನೆನಪಾದದ್ದಕ್ಕೆ ಕಾರಣವಿದೆ. ಮೊಮ್ಮಗಳನ್ನು ನೋಡಲು ಈ ಊರಿಗೆ ಬಂದಿರುವ ಅತ್ತಿ ಸಂಜೆ ಮೊದಲ ಸಲ ನನ್ನ ಖೋಲಿಗೆ ಬರುತ್ತಾರೆ. ಹೆಚ್ಚು ದಿನ ನಿಲ್ಲುವುದಿಲ್ಲವಂತೆ, ತಿಂಗಳ ರೇಷನ್ ಎತ್ತುವುದಿದೆ. ನನ್ನಲ್ಲಿರುವುದು ಒಂದು ಪ್ಲಾಸ್ಟಿಕ್ ಸ್ಟೂಲು, ಈ ಪ್ರಶಾಂತ, ಮತ್ತು ಮನೆಗೆ ಬಂದವರು ನನ್ನನ್ನು ಇದ್ದಂತೆಯೇ ಸ್ವೀಕರಿಸಬೇಕೆಂಬ ಸಿದ್ಧಾಂತ.

ಸಿದ್ಧಾಂತವನ್ನು ಮಧ್ಯಾಹ್ನ ಮಂಚದ ಕೆಳಗೆ ತಳ್ಳಿ, ಪಕ್ಕದ ಖೋಲಿಯ ನರ್ಸಮ್ಮನ ಬಾಗಿಲು ತಟ್ಟಿದೆ. ಎರಡು ಕುರ್ಚಿ, ಒಂದು ಒಳ್ಳೆಯ ತಾಟು ಬೇಕಿತ್ತು ಎಂದೆ.

“ಯಾರು ಬರ್ತಿದ್ದಾರೆ?”

“ಇನ್ಸ್‌ಪೆಕ್ಟರು.”

ತಾಟು ಕೊಟ್ಟರು. ಅದರ ಮೇಲೂ ಹೆಸರಿದೆ. ಅತ್ತಿ ಅಂಚು ತಿರುಗಿಸಿ ನೋಡಿಯೇ ನೋಡುತ್ತಾರೆ, ನೋಡಲಿ. ತಾಟು ಅವರದು, ಸುಸಲಾ ನಂದು. ಉಪ್ಪು ಸ್ವಲ್ಪ ಮುಂದಾಗಿದೆ. ಆ ಬಗ್ಗೆ ನಾನು ವಾದಿಸುವುದಿಲ್ಲ.