ಉಣ್ಣೆ ನೋಡುವ ಕಣ್ಣು

ಬೆಳಕು ಹರಿಯುತ್ತಿದೆ. ಉಣ್ಣೆ ಕತ್ತರಿಸುವವರ ಬಿಡಾರದ ಅಡುಗೆಮನೆಯಲ್ಲಿ ಮಟನ್ ಚಾಪ್ಸ್ ಚುರುಗುಟ್ಟುತ್ತಿದೆ. ಮೂಲೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಎರಡೂ ಕಣ್ಣಿನ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿಕೊಂಡು ಗ್ಲೆನಿಸ್ ಹ್ಯಾಡ್ರೆಲ್ ಕೂತಿದ್ದಾರೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತನಾಡಿಸುವುದಿಲ್ಲ. ಬಟ್ಟೆ ಆರಿದರೆ ಮತ್ತೆ ಅದ್ದುತ್ತಾರೆ. ಆಮೇಲೆ ಬೆರಳ ತುದಿಯಿಂದ ರೆಪ್ಪೆಗಳನ್ನು ಮೆಲ್ಲಗೆ ನೀವಿ, ಪುಟ್ಟ ಕೊಳವೆಯಿಂದ ಒಂದೊಂದು ಹನಿ ಬಿಟ್ಟು, ಪಕ್ಕಗಳೂ ಮುಚ್ಚುವಂಥ ಕನ್ನಡಕ ಏರಿಸಿ ಎದ್ದು ನಿಲ್ಲುತ್ತಾರೆ.

"ಸರಿ, ಇನ್ನು ಕುರಿಗಳನ್ನ ಒಳಗೆ ಬಿಡಿ."

ಡಾರ್ಲಿಂಗ್ ನದಿಯ ಪಶ್ಚಿಮದ ನಮ್ಮ ಕೆಂಪು ಬಯಲಿನಲ್ಲಿ ಗ್ಲೆನಿಸ್ ಅವರದು ಉಣ್ಣೆ ವಿಂಗಡಿಸುವ ಕೆಲಸ. ಕುರಿಯ ಮೈಯಿಂದ ಇಡಿಯಾಗಿ ಕತ್ತರಿಸಿದ ತುಪ್ಪಟ ಮೇಜಿನ ಮೇಲೆ ಹರಡಿದ ಕೂಡಲೇ ಅದರ ನಯ, ಉದ್ದ, ಬಣ್ಣ ನೋಡಿ, ಎಳೆಯನ್ನು ಕಿವಿಯ ಬಳಿ ಬಿಗಿಹಿಡಿದು ಮಿಡಿದು, ಸದ್ದಿನಿಂದ ಅದರ ಬಲ ತಿಳಿದು, ಯಾವ ದರ್ಜೆಗೆಂದು ಹೇಳಬೇಕು. ದಿನಕ್ಕೆ ಏಳುನೂರರ ಆಸುಪಾಸು ತುಪ್ಪಟ ಅವರ ಕಣ್ಣ ಮುಂದೆ ಹಾದುಹೋಗುತ್ತವೆ. ಮೂಟೆ ಕಟ್ಟಿದ ಮೇಲೆ ಅದರ ಮೇಲೆ ಬೀಳುವುದು ಅವರದೇ ಮುದ್ರೆ. ಕೊಳ್ಳುವವರು ಮೂಟೆಯನ್ನಷ್ಟೇ ಅಲ್ಲ, ಆ ಮುದ್ರೆಯನ್ನೂ ನಂಬುತ್ತಾರೆ.

ಗ್ಲೆನಿಸ್ ಅವರ ಅಪ್ಪ ಉಣ್ಣೆ ಕತ್ತರಿಸುತ್ತಿದ್ದರು, ಅಮ್ಮ ಇಂಥದೇ ಬಿಡಾರಗಳಲ್ಲಿ ಅಡುಗೆ ಮಾಡುತ್ತಿದ್ದರು. ಹದಿನಾರಕ್ಕೆ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ನೆಲ ಗುಡಿಸಲು ಬಂದ ಗ್ಲೆನಿಸ್, ಮುದ್ರೆ ಸಂಪಾದಿಸುವ ಹೊತ್ತಿಗೆ ಎರಡು ಮಕ್ಕಳ ತಾಯಿ. ಈಗ ಐವತ್ತೆಂಟು.

ಐವತ್ತು ದಾಟುತ್ತಿದ್ದಂತೆ ಕಣ್ಣು ಕಾಡತೊಡಗಿತು. "ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗಾಗೋದು. ಆದ್ರೆ ನೀರು ಸುರೀತಾನೇ ಇರೋದು. ನೀರು ಸುರಿಯೋ ಕಣ್ಣು ಒಣಗಿದೆ ಅಂತ ಯಾರಿಗೆ ಹೊಳೆಯುತ್ತೆ, ಹೇಳಿ?" ಎನ್ನುತ್ತಾರೆ. ಮೊದಲು ಧೂಳೆಂದುಕೊಂಡರು, ಆಮೇಲೆ ವಯಸ್ಸೆಂದುಕೊಂಡರು. ಕೆಂಪು ಹೋಗಲೆಂದು ಅಂಗಡಿಯ ಹನಿ ತಂದು ದಿನವೂ ಬಿಟ್ಟರು, ಅಲರ್ಜಿ ಮಾತ್ರೆ ನುಂಗಿದರು, ತಂಪಿಗೆಂದು ಫ್ಯಾನನ್ನು ಮುಖಕ್ಕೇ ತಿರುಗಿಸಿಕೊಂಡರು. ಮೂರೂ ಉರಿಯುವ ಬೆಂಕಿಗೆ ತುಪ್ಪ ಸುರಿದವೆಂದು ತಿಳಿದದ್ದು ಬಹಳ ತಡವಾಗಿ.

ಯಾರು ಕೈಕೊಟ್ಟರೆಂದು ಅಳುತ್ತಿದ್ದೀರಿ ಎಂದು ಹುಡುಗರು ಕಿಚಾಯಿಸುತ್ತಿದ್ದರು. ಗ್ಲೆನಿಸ್ ಬಿಡುತ್ತಿರಲಿಲ್ಲ. "ನಿನ್ನ ಕೈಗೆ ಸಿಕ್ಕಿದ ಕುರಿಗಳನ್ನ ನೋಡಿ ಅಳ್ತಿದೀನಿ ಕಣೋ."

ನಾಲ್ಕು ವರ್ಷದ ಹಿಂದೆ, ಕುರಿಗಳ ಒಡೆಯ ಡೆಸ್ಮಂಡ್ ಕ್ವಿಲ್ ಅವರ ಕೊಟ್ಟಿಗೆಯಲ್ಲಿ ಆ ನಗೆ ನಿಂತುಹೋಯಿತು. ಬಿಸಿಗಾಳಿಯ ದಿನ. ಮಂಜು ಕವಿದಿದ್ದ ಕಣ್ಣನ್ನು ಗ್ಲೆನಿಸ್ ಗಟ್ಟಿಯಾಗಿ ಮುಚ್ಚಿ ತೆರೆದಾಗ ಅರೆಕ್ಷಣ ಎಲ್ಲವೂ ನಿಚ್ಚಳವಾಯಿತು. ಬಿಳಿ ಉಣ್ಣೆಯ ರಾಶಿಯಲ್ಲಿ ಹಳದಿ ತಿರುಗಿದ ತುಪ್ಪಟವೊಂದು ಕಂಡಿತು. ಹಾಕಿದ್ದು ಅವರೇ. ಹಾಗಾದರೆ ಆಗಲೇ ಬಿಗಿದ ಮೂಟೆಗಳಲ್ಲಿ ಇನ್ನೆಷ್ಟಿವೆಯೋ?

ಬೇರೆ ಯಾರೂ ಗಮನಿಸಿರಲಿಲ್ಲ. ಸುಮ್ಮನಿದ್ದಿದ್ದರೆ ಆ ದಿನ ದಾಟುತ್ತಿತ್ತು. ಆದರೆ ಗ್ಲೆನಿಸ್ ಕೈಯೆತ್ತಿ ಕೆಲಸ ನಿಲ್ಲಿಸಿದರು. ಯಂತ್ರಗಳ ಸದ್ದು ಅಡಗಿದ ಮೇಲೆ ಎಲ್ಲರೆದುರು ಹೇಳಿದರು: "ನಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ನನ್ನ ಮುದ್ರೆ ಬಿದ್ದಿರೋ ಮೂಟೆ ಎಲ್ಲಾ ಬಿಚ್ಚಬೇಕು."

ಕತ್ತರಿಸುವವರು ಗೊಣಗಿದರು. ಕುರಿ ಲೆಕ್ಕದ ಕೂಲಿ, ನಿಂತರೆ ಅವರಿಗೇ ನಷ್ಟ. ಕ್ವಿಲ್ ಮುಖ ಬಿಗಿದುಕೊಂಡು ನಿಂತರು. ಮೂಟೆ ಒತ್ತುವ ವಿರೇಮು ಮಾತ್ರ ಏನೂ ಕೇಳದೆ ಚಾಕು ತೆಗೆದು ಮೊದಲ ಮೂಟೆ ಬಿಚ್ಚಿದ. ಎರಡು ಮೂಟೆಗಳಲ್ಲಿ ಹಳದಿ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಕಣ್ಣೊತ್ತಿಕೊಳ್ಳುತ್ತ, ಪ್ರತಿ ತುಪ್ಪಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಗ್ಲೆನಿಸ್ ಎಲ್ಲವನ್ನೂ ಮತ್ತೆ ವಿಂಗಡಿಸಿದರು. ಉಳಿದ ಕುರಿಗಳಿಗೆ ಬೇರೊಬ್ಬರನ್ನು ಕರೆಸಿಕೊಳ್ಳಿ ಎಂದು ಕ್ವಿಲ್‌ಗೆ ಹೇಳಿ, ವಿರೇಮುವಿನ ಗಾಡಿಯಲ್ಲಿ ಮನೆಗೆ ಹೋದರು.

ಪಟ್ಟಣಕ್ಕೆ ಆಗೀಗ ಬರುವ ಕಣ್ಣಿನ ತಜ್ಞೆ ಹುಯೆನ್ ಟ್ರಿನ್, ಬಣ್ಣದ ಹನಿ ಬಿಟ್ಟು ದೀಪದಲ್ಲಿ ನೋಡಿದರು. ಕಣ್ಣೀರೆಂದರೆ ಬರೀ ನೀರಲ್ಲ, ಅದರ ಮೇಲೆ ತೆಳುವಾದ ಎಣ್ಣೆಯ ಪದರವಿರುತ್ತದೆ ಎಂದು ವಿವರಿಸಿದರು. ಗ್ಲೆನಿಸ್ ಅವರ ರೆಪ್ಪೆಯಂಚಿನ ಗ್ರಂಥಿಗಳು ಕಟ್ಟಿಕೊಂಡು ಎಣ್ಣೆ ಬರುತ್ತಿರಲಿಲ್ಲ. ಹಾಗಾಗಿ ನೀರು ಬೇಗ ಆರಿ ಕಣ್ಣು ಉರಿಯುತ್ತಿತ್ತು. ಉರಿಗೆ ಕಣ್ಣು ಇನ್ನಷ್ಟು ನೀರು ಸುರಿಸುತ್ತಿತ್ತು, ಎಣ್ಣೆಯಿಲ್ಲದೆ ಅದೂ ಕಣ್ಣಲ್ಲಿ ನಿಲ್ಲುತ್ತಿರಲಿಲ್ಲ.

"ಚಳಿಗೆ ಉಣ್ಣೆಯ ಜಿಡ್ಡು ಹೆಪ್ಪುಗಟ್ಟುತ್ತಲ್ಲ, ಹಾಗೆ. ಬಿಸಿ ತಾಗಿದ್ರೆ ಸಡಿಲ ಆಗುತ್ತೆ," ಎಂದು ಗ್ಲೆನಿಸ್ ನನಗೆ ಬಿಡಿಸಿ ಹೇಳುತ್ತಾರೆ.

ಹುಯೆನ್ ಹಳೆಯ ಹನಿ ನಿಲ್ಲಿಸಿ, ಕೆಡದಂತೆ ಬೆರೆಸುವ ರಾಸಾಯನಿಕ ಇಲ್ಲದ ಹನಿ ಕೊಟ್ಟರು. ಅಲರ್ಜಿ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲು ಹೇಳಿದರು. ದಿನವೂ ಬಿಸಿಬಟ್ಟೆ, ರೆಪ್ಪೆ ನೀವುವುದು, ದಿಟ್ಟಿಸಿ ನೋಡುವ ಕೆಲಸದ ನಡುವೆ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯುವುದು. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹಲ್ಲುಜ್ಜುವ ಹಾಗೆ ನೋಡಿಕೊಂಡಿರಬೇಕು ಎಂದೂ ಎಚ್ಚರಿಸಿದರು. ಎರಡು ವಾರವಾದರೂ ಗುಣ ಕಾಣದಾಗ ಗ್ಲೆನಿಸ್ ಸಿಟ್ಟಿನಲ್ಲಿ ಬಟ್ಟೆ ಬಿಸಾಡಿದ್ದುಂಟು. ಹುಯೆನ್ ಫೋನಿನಲ್ಲಿ ಸಮಾಧಾನ ಹೇಳಿದರು. ಚಳಿಗಾಲ ಕಳೆಯುವಷ್ಟರಲ್ಲಿ ಉರಿ ತಗ್ಗಿ, ನೋಟ ನೆಟ್ಟಗಾಯಿತು.

ಈಗ ಅವರು ಹೋಗುವ ಕೊಟ್ಟಿಗೆಗಳಲ್ಲಿ ಫ್ಯಾನುಗಳು ಬೆನ್ನಿಗೆ ತಿರುಗಿವೆ. ಚಹಾದ ಬಿಡುವಿನಲ್ಲಿ ಕಣ್ಣು ಕೆಂಪಾದವರು ಬಿಸಿಬಟ್ಟೆ ಕೇಳಿಕೊಂಡು ಬರುತ್ತಾರೆ. ಗ್ಲೆನಿಸ್ ಕೊಡುತ್ತಾರೆ, ಜೊತೆಗೆ ಹುಯೆನ್ ಬರುವ ದಿನವನ್ನೂ ಹೇಳುತ್ತಾರೆ. ಹೋದ ವರ್ಷ ವಿರೇಮುವಿಗೆ ಒಂದೇ ಕಣ್ಣು ನೋಯುತ್ತಿತ್ತು, ಬೆಳಕು ತಡೆಯಲಾಗುತ್ತಿರಲಿಲ್ಲ. ಅವನಿಗೆ ಬಟ್ಟೆ ಕೊಡಲಿಲ್ಲ. "ನಾನು ಉಣ್ಣೆ ನೋಡೋಳು, ಕಣ್ಣು ನೋಡೋಳಲ್ಲ. ಗಾಡಿ ಹತ್ತು," ಎಂದು ತಾವೇ ಆಸ್ಪತ್ರೆಗೆ ಕರೆದೊಯ್ದರು. ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿತ್ತು, ಸಕಾಲಕ್ಕೆ ಔಷಧ ಬಿದ್ದು ಕಣ್ಣು ಉಳಿಯಿತು.

ಮೂಟೆ ಬಿಚ್ಚಿಸಿದ ಮರುವರ್ಷ ತಮಗೆ ಕರೆ ಬಾರದೆಂದೇ ಗ್ಲೆನಿಸ್ ತಿಳಿದಿದ್ದರು. ಡೆಸ್ಮಂಡ್ ಕ್ವಿಲ್ ಅವರೇ ಮೊದಲು ಕರೆದರು. ಈಗ ಅವರ ಉಣ್ಣೆಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲವಂತೆ. ಅಷ್ಟೊಂದು ನಂಬಿಕೆ ಹೇಗೆ ಬಂತೆಂದು ಗ್ಲೆನಿಸ್ ಅವರನ್ನು ಕೇಳಿದೆ. ಕೈಯ ಜಿಡ್ಡನ್ನು ಏಪ್ರನ್ನಿಗೆ ಒರೆಸಿಕೊಂಡು, ಒಮ್ಮೆ ರೆಪ್ಪೆ ಪೂರ್ತಿ ಮುಚ್ಚಿ ತೆರೆದರು.

"ನನ್ನ ಕಣ್ಣು ಚೆನ್ನಾಗಿದೆ ಅಂತಲ್ಲ. ಚೆನ್ನಾಗಿಲ್ದಿದ್ರೆ ನಾನೇ ಹೇಳ್ತೀನಿ ಅಂತ ಅವರಿಗೆ ಗೊತ್ತು. ಅದಕ್ಕೆ ಕರೀತಾರೆ."