ಡೈನಮೋ ಬಿಚ್ಚಿದ ದಿನ

ನಮ್ಮ ಹಳೇ ಕಾರು ಗೊಂಯ್ ಎನ್ನಲು ಶುರು ಮಾಡಿದ್ದು ತೀರ್ಥಹಳ್ಳಿಯ ತಂಗಿಯ ಮನೆಗೆ ಹೋಗಿ ವಾಪಸು ಬರುವಾಗ. ಹುಂಚ ದಾಟಿದ ಮೇಲೆ ಬಾನೆಟ್ಟಿನೊಳಗಿಂದ ಎದ್ದ ಸದ್ದು ಹೊಸನಗರ ಬಂದರೂ ನಿಲ್ಲಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು. ಯಜಮಾನರ ಮುಖ ನೋಡಿದೆ, ಆರಾಮಾಗಿ ಓಡಿಸುತ್ತಿದ್ದರು. ಇದೇ ರಸ್ತೆಯಲ್ಲಿ ಖಾಸಗಿ ಬಸ್ಸಿನ ಡ್ರೈವರಾಗಿ ಅರ್ಧ ಆಯುಸ್ಸು ಕಳೆದವರು. ತಿರುವಿನಾಚೆ ಬರುವ ಬಸ್ಸು ಕಾಣುವ ಮೊದಲೇ, ಸದ್ದಿನಲ್ಲೇ ಅದರ ಗುರುತು ಹಿಡಿದು, ಕ್ಲಚ್ಚು ಹೋಗಿದೆಯೋ ಇಲ್ಲವೋ ಹೇಳುತ್ತಿದ್ದವರು. ಅಂಥವರೇ ಸುಮ್ಮನಿದ್ದಾರೆ ಅಂದಮೇಲೆ ಗಾಬರಿಯಾಗುವಂಥದ್ದೇನೂ ಇಲ್ಲ ಎಂದುಕೊಂಡೆ.

ಸಾಗರಕ್ಕೆ ಬಂದ ಮೇಲೆ ಸದ್ದು ದಿನದಿನಕ್ಕೆ ಜಾಸ್ತಿಯಾಯಿತು. ನಾವು ಪೇಟೆಗೆ ಹೊರಟರೆ ಓಣಿಯ ಜನ ತಿರುಗಿ ನೋಡತೊಡಗಿದರು. ಕೊನೆಗೆ ನಾನೇ ಕೂಗಾಡಿದೆ.

‘ಆ ಸದ್ದು ತಲೆ ತಿಂತಿದೆ. ಎಂಥದು ಅಂತ ಒಂದ್ಸಲ ನೋಡ್ಬಾರ್ದಾ?’

‘ಯಾವ ಸದ್ದು?’ ಎಂದರು.

ಚೇಷ್ಟೆ ಎಂದುಕೊಂಡೆ. ಮದುವೆಯಾದಾಗಿನಿಂದ ನನ್ನ ಮಾತಿನಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುವ ಗಂಡಸು. ಇತ್ತೀಚೆಗೆ ಟೀವಿ ಜೋರು ಮಾಡುವುದನ್ನೂ, ಊಟಕ್ಕೆ ಕರೆದರೆ ಓಗೊಡದಿರುವುದನ್ನೂ ನಾನು ಅದೇ ಲೆಕ್ಕಕ್ಕೆ ಹಾಕಿದ್ದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಬಾನೆಟ್ ಎತ್ತಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡೈನಮೋದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಹೊಸ ಕಾಲದ ಮೆಕ್ಯಾನಿಕ್‌ಗಳು ಅದಕ್ಕೆ ಆಲ್ಟರ್ನೇಟರ್ ಅಂದರೂ ಬಸ್ಸಿನವರ ಬಾಯಲ್ಲಿ ಅದು ಇವತ್ತಿಗೂ ಡೈನಮೋ. ಡಾಕ್ಟರು ಎದೆ ಪರೀಕ್ಷೆ ಮಾಡುವ ಹಾಗೆ, ಯಾವ ಭಾಗ ನರಳುತ್ತಿದೆ ಎಂದು ತಿಳಿಯಲು ಅವರು ಬಸ್ಸಿಗೂ ಹೀಗೆಯೇ ಮಾಡುತ್ತಿದ್ದರು. ಹಿಡಿಯನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದರು. ಮತ್ತೆ ಬಲಗಿವಿಗೆ ತಂದರು. ಕಣ್ಣು ಮುಚ್ಚಿ ಹಾಗೇ ತುಂಬಾ ಹೊತ್ತು ನಿಂತರು. ಅಂಗಳವೆಲ್ಲ ಆ ಗೊಂಯ್ ತುಂಬಿಕೊಂಡಿತ್ತು. ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಕಣ್ಣು ತೆರೆದಾಗ ಅವರ ಮುಖ ಬಿಳಿಚಿಕೊಂಡಿತ್ತು. ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು.

‘ನೀನೇ ಕೇಳು. ಸೆರಗು ಸಿಕ್ಕಿಸ್ಕೋ, ಬೆಲ್ಟಿಗೆ ಸಿಕ್ತದೆ.’

ಆಗ ನನಗೆ ಗೊತ್ತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ. ಅವರು ತೋರಿಸಿದ ಕಡೆಯಲ್ಲೆಲ್ಲ ತುದಿ ಇಟ್ಟೆ. ನೀರಿನ ಪಂಪಿನ ಮೇಲೆ ಇಟ್ಟಾಗ ಬರೀ ಗುಂಯ್‌ಗುಟ್ಟುವಿಕೆ. ಡೈನಮೋದ ಮೇಲೆ ಇಟ್ಟರೆ ಕಿವಿಯೊಳಗೇ ಕಲ್ಲು ತಿರುಗಿದ ಹಾಗೆ.

‘ಹೆಂಗಿದೆ?’ ಎಂದರು. ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದವಳಂತೆ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ.

‘ಬೇರಿಂಗು!’ ಎಂದರು. ಆ ಒಂದು ಕ್ಷಣ ಹಳೆಯ ಡ್ರೈವರನ ಗತ್ತು ವಾಪಸು ಬಂದಿತ್ತು.

ಇಂಜಿನ್ ಆರಿಸಿ, ಬ್ಯಾಟರಿಯ ವಯರು ತೆಗೆದು, ಬೆಲ್ಟು ಸಡಿಲಿಸಿ ಕಳಚಿದರು. ಡೈನಮೋಗೆ ಬೆಲ್ಟು ಸುತ್ತುವ ಚಕ್ರ, ಪುಲಿ, ಹಿಡಿದು ಬೆರಳಲ್ಲಿ ಮೆಲ್ಲಗೆ ತಿರುಗಿಸಿ, ‘ಕೈಗೆ ಸಿಕ್ತು ನೋಡು, ಕಲ್ಲು ಕಲ್ಲು’ ಎಂದರು. ಕೈಗೆ ಸಿಕ್ಕಿದ್ದಕ್ಕೆ ಆದ ಅವರ ಸಂತೋಷವನ್ನು ನನಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟು, ಒಲೆಯ ಮುಂದೆ ನಿಂತು ಅತ್ತೆ. ಜೋರಾಗಿಯೇ ಅತ್ತೆ, ಅವರಿಗೆ ಕೇಳಿಸೀತು ಎಂಬ ಹೆದರಿಕೆ ಇರಲಿಲ್ಲವಲ್ಲ.

ಡೈನಮೋ ಬಿಚ್ಚಿ, ಸವೆದ ಬೇರಿಂಗನ್ನು ಎಳೆದು ತೆಗೆದು, ಪೇಟೆಗೆ ನಡೆದುಕೊಂಡೇ ಹೋಗಿ ಅದೇ ಅಳತೆಯ ಹೊಸದನ್ನು ತಂದರು. ಸಂಜೆಯೊಳಗೆ ಎಲ್ಲ ಜೋಡಿಸಿ, ಬೆಲ್ಟು ಬಿಗಿ ಮಾಡಿ, ಕೀಲಿ ತಿರುಗಿಸಿದರು. ಇಂಜಿನ್ ನುಣ್ಣಗೆ ಓಡಿತು.

‘ಹೋಯ್ತಾ?’ ಎಂದು ನನ್ನ ಬಾಯಿಯನ್ನೇ ನೋಡಿದರು.

ಹೋಯಿತು ಎಂದು ತಲೆಯಾಡಿಸಿದೆ.

ಒಂದು ರೌಂಡು ಹೋಗಿ ಬರೋಣ ಎಂದು ಇಕ್ಕೇರಿ ರಸ್ತೆಗೆ ಹೊರಟೆವು. ಹಿಂದಿನಿಂದ ಲಾರಿಯೊಂದು ಬಂದು ದಾರಿ ಕೇಳಿತು. ಒಂದು ಹಾರನ್ನಿಗೂ ಇವರು ಸರಿಯಲಿಲ್ಲ. ಲಾರಿಯವನು ಕೈ ತೆಗೆಯದೆ ಬಾರಿಸುತ್ತಿದ್ದಾಗ ನನ್ನತ್ತ ತಿರುಗಿ, ‘ಈಗೆಂಥ ಸದ್ದೂ ಇಲ್ಲ ಅಲ್ವೇನೇ?’ ಎಂದು ನಕ್ಕರು. ನಾನು ಸ್ಟೇರಿಂಗಿಗೇ ಕೈ ಹಾಕಿದೆ. ಕಾರು ಎಡಕ್ಕೆ ಸರಿಯಿತು. ಲಾರಿ ಮೈ ಸವರಿಕೊಂಡೇ ಮುಂದೆ ಹೋಯಿತು.

ಕಾರು ನಿಲ್ಲಿಸಿದರು. ಲಾರಿ ಹೋದ ದಿಕ್ಕನ್ನೇ ನೋಡುತ್ತಾ ಕೂತರು. ಆಮೇಲೆ ಇಳಿದು, ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು.

‘ಆಚೆ ಕೂತ್ಕೋ. ನಂದಾಯ್ತು.’

ನನ್ನ ಹತ್ತಿರ ಲೈಸೆನ್ಸ್ ಇದೆ. ಆದರೆ ಅವರು ಪಕ್ಕದಲ್ಲಿದ್ದಾಗ ಓಡಿಸುವ ಧೈರ್ಯ ಯಾವತ್ತೂ ಮಾಡಿದವಳಲ್ಲ. ಗೇರು ಒಂಚೂರು ಕಿರುಗುಟ್ಟಿದರೂ ಮೈಮೇಲೆ ಬರುತ್ತಿದ್ದರು. ಸುತ್ತಿ ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ. ಕ್ಲಚ್ಚು ಪೂರ್ತಿ ಒತ್ತದೆ ಗೇರು ಹಾಕಿಬಿಟ್ಟೆ. ಗೇರ್‌ಬಾಕ್ಸು ಕರಕರನೆ ಕಿರುಚಿಕೊಂಡಿತು. ಇನ್ನೇನು ಬೈದರು ಎಂದು ಹೆಗಲು ಕುಗ್ಗಿಸಿ ಕೂತೆ.

ಅವರು ಕಿಟಕಿಯಾಚೆ ಕೊಯ್ಲಾದ ಗದ್ದೆ ನೋಡುತ್ತಿದ್ದರು.

‘ಚೆನ್ನಾಗೇ ಓಡಿಸ್ತೀಯಲ್ಲೇ’ ಎಂದರು.